ಗುಡ್ಡದ ವಿಶ್ವವಿದ್ಯಾಲಯ, ಅಳಿವೆಯ ವಿಭಾಗ

ಸದಾಶಿವಗಡದ ಕೋಟೆಗುಡ್ಡ ಹತ್ತಿ ದಕ್ಷಿಣಕ್ಕೆ ನಿಂತರೆ ಕಾಳಿ ನದಿ ಕಡಲು ಸೇರುವ ಅಳಿವೆ ಕಣ್ಣೆದುರಿಗೇ ಇರುತ್ತದೆ. ಆಚೆ ದಡ ಕೋಡಿಬಾಗ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವ ವಿಜ್ಞಾನ ವಿಭಾಗ ಇರುವುದು ಅಲ್ಲಿ. ಆ ವಿಶ್ವವಿದ್ಯಾಲಯದ ಮುಖ್ಯ ಆವರಣ ಮಾತ್ರ ಘಟ್ಟದ ಮೇಲೆ, ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದಲ್ಲಿ. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳ ಸಂಚಿಕೆಗಳಲ್ಲಿ ಗುಡ್ಡದ ಕಥೆ ಬೇಕಾದಷ್ಟು ಬಂದಿದೆ. ಅಳಿವೆಯ ಕಡೆಯಿಂದ ಆ ಸಂಸ್ಥೆಯನ್ನು ಅಳೆದು ನೋಡಿದ ಬರಹ ಕಡಿಮೆ. ಈ ಉತ್ತರ ಕನ್ನಡ ಜಿಲ್ಲೆಯ ಕಾಲೇಜುಗಳು ಇವತ್ತಿಗೂ ಅದರ ಆಡಳಿತದಲ್ಲೇ ಇರುವುದರಿಂದ ಆ ಅಳತೆ ಆಗಲೇಬೇಕು.

ಮೊದಲು ಗುಡ್ಡಕ್ಕೆ ಸಲ್ಲಬೇಕಾದ ಗೌರವ. ಈ ವಿಶ್ವವಿದ್ಯಾಲಯದ ಕಾಯ್ದೆ ಆದದ್ದು 1949ರಲ್ಲಿ, ಮುಂಬಯಿ ಪ್ರಾಂತದಲ್ಲಿ. ಆಗ ಕನ್ನಡ ರಾಜ್ಯವೇ ಇರಲಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಈ ನಾಲ್ಕು ಜಿಲ್ಲೆಗಳ ಮಕ್ಕಳು ಪದವಿಗಾಗಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಿದ್ದರು. ಹೊಸ ಸಂಸ್ಥೆಯ ಕಚೇರಿ ಕೂಡ ಮೊದಲು ಮುಂಬಯಿಯಲ್ಲೇ ತೆರೆದು, 1950ರಲ್ಲಿ ಧಾರವಾಡಕ್ಕೆ ಬಂತು. ಏಕೀಕರಣಕ್ಕೆ ಇನ್ನೂ ಆರು ವರ್ಷ ಬಾಕಿ ಇತ್ತು. ರಾಜ್ಯಕ್ಕಿಂತ ಮೊದಲೇ ವಿಶ್ವವಿದ್ಯಾಲಯ ಹುಟ್ಟಿ, ರಾಜ್ಯ ಮುಂದೆ ಹೊರಬೇಕಾದ ಹೆಸರನ್ನು ತಾನು ಮೊದಲು ಹೊತ್ತುಕೊಂಡಿತು. 1973ರಲ್ಲಿ ಮೈಸೂರು ರಾಜ್ಯ ‘ಕರ್ನಾಟಕ’ ಆಗುವ ಹೊತ್ತಿಗೆ ಆ ಹೆಸರಿನ ಪದವಿಪತ್ರ ಹಿಡಿದವರು ಊರೂರಲ್ಲಿ ಇದ್ದರು.

1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಆ ಗುಡ್ಡಕ್ಕೆ ರೂಪ ಕೊಟ್ಟವರು. ಗೋಕಾಕ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ನಡೆಸಿ ಬಂದ ಮನುಷ್ಯ. ಮುಂದೆ ಎಷ್ಟು ಬೆಳೆಯಬೇಕಾಗಬಹುದು ಎಂಬುದನ್ನು ಮೊದಲೇ ಕಂಡು ನೂರಾರು ಎಕರೆ ಹಿಡಿದರು. ಒಂದೊಂದೇ ವಿಭಾಗ ತೆರೆದು ಅದಕ್ಕೆ ತಕ್ಕ ಪ್ರಾಧ್ಯಾಪಕರನ್ನು ಹುಡುಕಿ ತಂದರು. ಗುಡ್ಡದ ನೆತ್ತಿಯ ಮುಖ್ಯ ಕಟ್ಟಡವನ್ನು ದೂರದಿಂದ ಕಂಡಾಗ ರೈತನ ಮಗನಿಗೆ ಇದು ತನ್ನದು ಅನ್ನಿಸಬೇಕು ಎಂಬ ಆಸೆ ಆ ಕಟ್ಟೋಣದಲ್ಲಿದೆ, ಮತ್ತು ಅದು ಈಡೇರಿದೆ. ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಆ ಗುಡ್ಡ ಹತ್ತಿ ಇಳಿದವನು.

ಆದರೆ ಆ ನಾಲ್ಕು ಜಿಲ್ಲೆಗಳಲ್ಲಿ ಮೂರು ಬಯಲು, ಒಂದು ಕಡಲು. ಧಾರವಾಡ ಮೂರಕ್ಕೆ ನಡು, ನಾಲ್ಕನೆಯದಕ್ಕೆ ಘಟ್ಟದಾಚೆ. ಸದಾಶಿವಗಡದ ವಿದ್ಯಾರ್ಥಿಗೆ ಧಾರವಾಡ ನೂರೈವತ್ತು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ಒಂದೋ ಅಂಕೋಲೆಗೆ ಹೋಗಿ ಅರಬೈಲ್ ಘಟ್ಟ ಹತ್ತಬೇಕು, ಇಲ್ಲವೇ ಕದ್ರಾ, ಅಣಶಿ, ಜೋಯಿಡಾ ಹಾಯ್ದು ಹೋಗಬೇಕು. ಮಳೆಗಾಲದಲ್ಲಿ ಎರಡೂ ಕಡೆ ಗುಡ್ಡ ಕುಸಿಯುವ ಭಯ. ಕಾಳಿ ಸೇತುವೆ ಆಗುವ ಮುಂಚೆ ಕಾರವಾರ ಪೇಟೆಗೆ ಬರಲಿಕ್ಕೇ ಕೋಡಿಬಾಗದ ತಾರಿಗೆ ಕಾಯಬೇಕಿತ್ತು. ಆ ಸೇತುವೆಯೂ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿತ್ತು. ಪಕ್ಕದ ಹೊಸ ಸೇತುವೆಯೇ ಎರಡೂ ದಿಕ್ಕಿನ ವಾಹನಗಳ ಭಾರ ಹೊರಬೇಕಾಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ತೊಂಬತ್ತರ ದಶಕದಿಂದ ನಡೆದೇ ಇದೆ. ದಾರಿ ಹೀಗಿರುವಾಗ ಎಂ.ಎ., ಎಂ.ಎಸ್ಸಿ. ಎಂದರೆ ಹಾಸ್ಟೆಲ್ಲು, ಖಾನಾವಳಿ, ಮನೆಯಿಂದ ಎರಡು ವರ್ಷ ದೂರ. ಗಂಡುಮಕ್ಕಳನ್ನು ಕಳಿಸಿದ ಮನೆಗಳು ಹೆಣ್ಣುಮಕ್ಕಳ ಸರದಿ ಬಂದಾಗ ಕೈ ಹಿಂದೆ ಎಳೆದವು. ಓದು ಬಿಟ್ಟವರಿಗೆ ಗೋವೆಯ ಕೆಲಸ ಧಾರವಾಡಕ್ಕಿಂತ ಹತ್ತಿರವಾಗಿತ್ತು.

ಇದನ್ನು ತೂಗಿ ನೋಡಲಿಕ್ಕೆ ಬೇರೆ ದೇಶದ ಒಂದು ಹಳೆಯ ಉದಾಹರಣೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ ತನ್ನ ವಿಶ್ವವಿದ್ಯಾಲಯಕ್ಕೆ 1789ರಲ್ಲಿ ಸನ್ನದು ಕೊಟ್ಟಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಜಾರ್ಜಿಯಾ ಕಾಗದದ ಮೇಲೆ ಒಂದನ್ನು ಹುಟ್ಟುಹಾಕಿತ್ತು. ಆದರೆ ಅಲ್ಲಿ ತರಗತಿ ಶುರುವಾದದ್ದು 1801ರಲ್ಲಿ. ನಾರ್ತ್ ಕ್ಯಾರೊಲಿನಾದ ಸನ್ನದಿನಲ್ಲಿ ಜಾಗದ ಬಗ್ಗೆ ಒಂದು ಕಟ್ಟಳೆ ಇತ್ತು: ರಾಜಧಾನಿಯಿಂದಾಗಲಿ, ನ್ಯಾಯಾಲಯ ಕೂಡುವ ಊರಿನಿಂದಾಗಲಿ ಐದು ಮೈಲಿಯೊಳಗೆ ವಿಶ್ವವಿದ್ಯಾಲಯ ಕಟ್ಟಕೂಡದು. ಅಧಿಕಾರದ ನೆರಳು, ಕೋರ್ಟು ಕಚೇರಿಗಳ ಗದ್ದಲ ಎರಡೂ ಓದುವ ಹುಡುಗರಿಂದ ದೂರ ಇರಲಿ ಎಂಬ ಆಲೋಚನೆ ಅದರ ಹಿಂದೆ ಕಾಣುತ್ತದೆ. ಕೊನೆಗೆ ರಾಜ್ಯದ ನಡುಭಾಗದಲ್ಲಿ, ಹಳೆಯ ಪ್ರಾರ್ಥನಾಮಂದಿರವಿದ್ದ ಕಾಡುಗುಡ್ಡವೊಂದನ್ನು ಆರಿಸಿದರು. ಸುತ್ತಲಿನ ಜಮೀನುದಾರರು ಸಾವಿರಕ್ಕೂ ಹೆಚ್ಚು ಎಕರೆ ಬಿಟ್ಟುಕೊಟ್ಟರು. 1793ರ ಅಕ್ಟೋಬರ್ 12ರಂದು ಅಡಿಗಲ್ಲು, 1795ರ ಜನವರಿ 15ರಂದು ಬಾಗಿಲು ತೆರೆದದ್ದು. ಊರಿಗೆ ಚಾಪೆಲ್ ಹಿಲ್ ಎಂಬ ಹೆಸರು ನಿಂತಿತು.

ಬಾಗಿಲು ತೆರೆದಾಗ ಓದಲು ಯಾರೂ ಬಂದಿರಲಿಲ್ಲ. ಫೆಬ್ರವರಿ 12ರಂದು ಹಿಂಟನ್ ಜೇಮ್ಸ್ ಎಂಬ ಹುಡುಗ ಬಂದ, ಎರಡು ವಾರ ಅವನೊಬ್ಬನೇ ವಿದ್ಯಾರ್ಥಿ. ಅವನು ಬಂದದ್ದು ಕಡಲ ಕಡೆಯ ವಿಲ್ಮಿಂಗ್ಟನ್ ಸೀಮೆಯಿಂದ, ಸುಮಾರು 170 ಮೈಲಿ, ಕಾಲ್ನಡಿಗೆಯಲ್ಲೇ ಎಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಆ ಕಾಲದ ಸಾರ್ವಜನಿಕತೆಯ ಮಿತಿಯನ್ನೂ ಹೇಳಬೇಕು. ಮೊದಲ ಕಟ್ಟಡದ ಕೆಲಸಕ್ಕೆ ದುಡಿದವರಲ್ಲಿ ಗುಲಾಮರಿದ್ದರು. ಅವರ ಮಕ್ಕಳಿಗೆ ಆ ಬಾಗಿಲು ಒಂದೂವರೆ ಶತಮಾನ ಮುಚ್ಚಿಯೇ ಇತ್ತು. ಅವರ ಋಣ ನೆನೆಯುವ ಸ್ಮಾರಕ ಅಲ್ಲಿ ನಿಂತದ್ದು 2005ರಲ್ಲಿ.

ನನಗೆ ಮುಖ್ಯವಾದದ್ದು ಮುಂದಿನ ಕಥೆ. ನಡುನಾಡಿನ ಗುಡ್ಡದಲ್ಲಿ ಕೂತು ಕಡಲನ್ನು ಓದಲಾಗದು ಎಂದು ಆ ರಾಜ್ಯಕ್ಕೆ ಮನದಟ್ಟಾಗಲು ಒಂದೂವರೆ ಶತಮಾನ ಹಿಡಿಯಿತು. ಆದರೆ ಮನದಟ್ಟಾದ ಮೇಲೆ ಅವರು ಸುಮ್ಮನಿರಲಿಲ್ಲ. 1947ರಲ್ಲಿ ಚಾಪೆಲ್ ಹಿಲ್ ವಿಶ್ವವಿದ್ಯಾಲಯ ಮೋರ್‌ಹೆಡ್ ಸಿಟಿ ಎಂಬ ಬಂದರಿನಲ್ಲಿ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತೆರೆಯಿತು. ಅದೇ ವರ್ಷ ವಿಲ್ಮಿಂಗ್ಟನ್‌ನಲ್ಲಿ ಒಂದು ಕಾಲೇಜು ಶುರುವಾಗಿ, 1969ರಲ್ಲಿ ಅದೇ ವಿಶ್ವವಿದ್ಯಾಲಯ ಸಮೂಹದ ಅಂಗವಾಯಿತು. ಕಡಲ ವಿಜ್ಞಾನಕ್ಕೆ ಅದು ಇವತ್ತು ಹೆಸರಾದ ಜಾಗ. ಮೊದಲ ವಿದ್ಯಾರ್ಥಿ ಯಾವ ಸೀಮೆಯಿಂದ ಬಂದನೋ ಆ ಸೀಮೆಗೆ ವಿಶ್ವವಿದ್ಯಾಲಯ ತಾನೇ ನಡೆದು ಹೋಯಿತು.

ನಮ್ಮದೂ ಇಳಿದು ಬಂದಿದೆ, ಕೋಡಿಬಾಗದವರೆಗೆ. ಆ ಒಂದು ಹೆಜ್ಜೆ ಎಷ್ಟು ಸರಿಯಾದದ್ದು ಎಂಬುದನ್ನು ಅಲ್ಲಿನ ಕೆಲಸ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಳಿವೆಯ ನೀರಿನ ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಗೇಣುದ್ದದ ಕೊಳವೆ ಇರುತ್ತದೆ. ಅದರ ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ನೀಲಿಯೂ ಬಿಳಿಯೂ ಕೂಡುವ ಗೆರೆಯಲ್ಲಿ ಅಂಕಿ ಕಾಣುತ್ತದೆ. ತೆರೆದ ಕಡಲಲ್ಲಿ ಸಾವಿರಕ್ಕೆ 35 ಭಾಗದ ಆಸುಪಾಸು ಉಪ್ಪು. ಜುಲೈ ತಿಂಗಳಲ್ಲಿ ಕಾಳಿ ಕೆಂಪಾಗಿ ಹರಿಯುವಾಗ ಇದೇ ಅಳಿವೆಯ ಮೇಲ್ನೀರಿನಲ್ಲಿ ಗೆರೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಲ್ಲಿ ಕೂತು ಬಳಚು ಆರಿಸುವ ಹೆಂಗಸರ ಆ ವರ್ಷದ ಗಳಿಕೆ ಈ ಗೆರೆಯ ಏರಿಳಿತವನ್ನು ನೆಚ್ಚಿಕೊಂಡಿದೆ. ಸಿಹಿನೀರು ಬಹಳ ದಿನ ನಿಂತರೆ ಬಳಚು ಸಾಯುತ್ತದೆ. ಮೇಲೆ ಕದ್ರಾ ಅಣೆಕಟ್ಟೆಯ ಗೇಟು ಯಾವಾಗ, ಎಷ್ಟು ತೆರೆಯುತ್ತಾರೆ ಎಂಬುದೂ ಇದರಲ್ಲಿ ಸೇರಿದೆ. ಇದನ್ನೆಲ್ಲ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ತರಗತಿಯಿಂದ ನಡೆದು ಹೋಗಿ, ಅಳೆದು, ಬಳಚು ಆರಿಸುವವರನ್ನು ಕೇಳಿ, ಸಂಜೆಯೊಳಗೆ ಬರೆದಿಡಬಲ್ಲಳು. ಧಾರವಾಡದಲ್ಲಿ ಕೂತವಳಿಗೆ ಇದು ಪುಸ್ತಕದ ಅಧ್ಯಾಯ, ಹೆಚ್ಚೆಂದರೆ ಶೈಕ್ಷಣಿಕ ಪ್ರವಾಸದ ಒಂದು ದಿನ. ದೇವಬಾಗ, ಮಾಜಾಳಿಯ ದಂಡೆಗೆ ತಿಮಿಂಗಿಲದ ಕಳೇಬರ ಬಂದು ಬಿದ್ದಾಗ ಅರಣ್ಯ ಇಲಾಖೆಯವರೂ ಪತ್ರಿಕೆಯವರೂ ಮೊದಲು ಕೇಳುವುದು ಈ ವಿಭಾಗದವರನ್ನು. ಊರಿನೊಂದಿಗೆ ಇಷ್ಟು ನೇರ ಸಂಬಂಧ ಇರುವ ವಿಭಾಗಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿರಳ.

ನನ್ನ ದೂರು ಇರುವುದು ಆ ಹೆಜ್ಜೆ ಅಲ್ಲಿಗೇ ನಿಂತದ್ದರ ಬಗ್ಗೆ. ಈ ಕರಾವಳಿಯಲ್ಲಿ ಸರ್ಕಾರಗಳಿಗೆ ಜಾಗ ಸಿಗಲಿಲ್ಲ ಎನ್ನುವಂತಿಲ್ಲ. ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟೆ, ಕೈಗಾದಲ್ಲಿ ಅಣುಸ್ಥಾವರ, ಕಾರವಾರ–ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆ. ಒಂದೊಂದಕ್ಕೂ ಊರುಗಳು ಎದ್ದು ಹೋದವು, ಗಾಬೀತರು, ಖಾರ್ವಿಗಳು, ಹಾಲಕ್ಕಿಗಳು ಮನೆ, ಗದ್ದೆ, ದೋಣಿ ಎಳೆದಿಡುವ ದಂಡೆ ಕಳೆದುಕೊಂಡರು. ಈ ಯೋಜನೆಗಳಿಂದ ನೀರಿಗೆ, ಮೀನಿಗೆ, ಜನರ ಬದುಕಿಗೆ ಏನಾಯಿತು ಎಂದು ಸರ್ಕಾರದ ಹಂಗಿಲ್ಲದೆ ವರ್ಷವರ್ಷವೂ ಲೆಕ್ಕ ಇಡುವ ಒಂದು ವಿದ್ಯಾಸಂಸ್ಥೆ ಇಲ್ಲೇ ಇರಬೇಕಿತ್ತು. ಒಂದು ವಿಭಾಗದ ಕೈಯಲ್ಲಿ ಆಗುವ ಕೆಲಸ ಅದಲ್ಲ. ನೀರಿನ ರಸಾಯನ, ದಂಡೆಕೊರೆತದ ಎಂಜಿನಿಯರಿಂಗ್, ಸ್ಥಳಾಂತರದ ಸಮಾಜಶಾಸ್ತ್ರ, ಕೊಂಕಣಿ, ಬಂದರಿನ ಇತಿಹಾಸ ಎಲ್ಲವೂ ಒಂದೇ ಅಳಿವೆಯ ಸುತ್ತ ಇರುವ ವಿಷಯಗಳು. ರಾಜ್ಯದ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲಿದೆ. 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವೆಯಲ್ಲಿ ನೆಲೆಸಿತು, 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬಂದು ಅದರ ನೆರೆಯಲ್ಲೇ ನೆಲೆಯಾಯಿತು. ಮಂಗಳೂರು, ಗೋವೆಗಳ ನಡುವಿನ ಕಾರವಾರಕ್ಕೆ ಬಂದದ್ದು ಅಲ್ಪ.

ಈ ಕೊರತೆಯನ್ನು ಮೊದಲೇ ಕಂಡವರೊಬ್ಬರು ಅಂಕೋಲೆಯಲ್ಲಿದ್ದರು. ದಿನಕರ ದೇಸಾಯಿಯವರನ್ನು ನಾಡು ಚುಟುಕಗಳಿಂದ ಬಲ್ಲದು. ಈ ಜಿಲ್ಲೆ ಶಾಲೆಗಳಿಂದ ಬಲ್ಲದು. ರೈತ ಹೋರಾಟಕ್ಕಾಗಿ ಜಿಲ್ಲೆಯಿಂದ ಗಡೀಪಾರಾಗಿದ್ದ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಗೇಣಿದಾರರ, ಮೀನುಗಾರರ ಮಕ್ಕಳು ನಡೆದು ಹೋಗಬಹುದಾದ ದೂರದಲ್ಲಿ ಹೈಸ್ಕೂಲು ತೆರೆಯುತ್ತ ಹೋದರು. 1966ರಲ್ಲಿ, ಗೋಖಲೆಯವರ ಜನ್ಮಶತಾಬ್ದಿಯ ವರ್ಷ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಶುರುವಾಯಿತು. ಪಾವಟೆಯವರದು ಮೇಲಿನಿಂದ ಕಟ್ಟುವ ದಾರಿ, ದೇಸಾಯಿಯವರದು ಬುಡದಿಂದ. ಇಬ್ಬರೂ ಒಂದೇ ಕಾಲದವರು, ಇಬ್ಬರದೂ ಸಾರ್ವಜನಿಕ ಶ್ರದ್ಧೆ. ಆದರೆ ಜಾಗದ ವಿಷಯದಲ್ಲಿ ದೇಸಾಯಿಯವರ ವಿವೇಕ ದೊಡ್ಡದು ಎಂದು ನಾನು ನಂಬುತ್ತೇನೆ. ಮಗು ಎಷ್ಟು ದೂರ ನಡೆಯಬಲ್ಲದು ಎಂಬುದರಿಂದ ಅವರ ಲೆಕ್ಕ ಶುರುವಾಗುತ್ತಿತ್ತು. ವಿಶ್ವವಿದ್ಯಾಲಯ ಅವರ ಕಾಲೇಜಿಗೆ ಸಂಯೋಜನೆ ಕೊಟ್ಟಿತು, ಪರೀಕ್ಷೆ ನಡೆಸಿತು. ಆ ಲೆಕ್ಕವನ್ನು ಮಾತ್ರ ಕಲಿಯಲಿಲ್ಲ.

ಹಾಗಾದರೆ ಉತ್ತರ ಕನ್ನಡಕ್ಕೊಂದು ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೇ? ಆ ಬೇಡಿಕೆ ಆಗಾಗ ಏಳುತ್ತದೆ. 2022–23ರಲ್ಲಿ ಸರ್ಕಾರ ಏಳು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯ ಮಾಡಿತು: ಬೀದರ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಹಾಸನ, ಕೊಡಗು, ಚಾಮರಾಜನಗರ. ಜಾಗ, ಹುದ್ದೆ, ದುಡ್ಡು ಯಾವುದೂ ಸಾಲದೆ, 2025ರ ಹೊತ್ತಿಗೆ ಅವುಗಳಲ್ಲಿ ಹಲವನ್ನು ಮುಚ್ಚುವ ಮಾತೇ ಬಂತು. ಕಾರವಾರಕ್ಕೆ ಅಂಥ ಇನ್ನೊಂದು ಫಲಕ ನನಗೆ ಬೇಡ. ಕುಲಪತಿ, ಕುಲಸಚಿವ, ಕಾರು, ಕಚೇರಿಗೆ ಹೋಗುವ ದುಡ್ಡಿನಲ್ಲಿ ಕೋಡಿಬಾಗಕ್ಕೆ ಆರು ವಿಭಾಗ ಕೊಡಬಹುದು.

ಹಾವೇರಿಯ ಕಾಲೇಜುಗಳು ಹೊಸ ವಿಶ್ವವಿದ್ಯಾಲಯದ ಪಾಲಾದ ಮೇಲೆ ಧಾರವಾಡದ ವಿಶ್ವವಿದ್ಯಾಲಯಕ್ಕೆ ಉಳಿದಿರುವುದು ಧಾರವಾಡ, ಗದಗ, ಉತ್ತರ ಕನ್ನಡ. ನಾಲ್ಕರಲ್ಲಿ ಒಂದಾಗಿದ್ದ ಕರಾವಳಿ ಈಗ ಮೂರರಲ್ಲಿ ಒಂದು. ಆದ್ದರಿಂದ ಸಿಂಡಿಕೇಟ್ ತೀರ್ಮಾನಿಸಬೇಕಾದದ್ದು ಸರಳವಾಗಿದೆ. ಕೋಡಿಬಾಗದ ಕೇಂದ್ರಕ್ಕೆ ಸ್ವಂತ ಬಜೆಟ್ಟು, ಖಾಯಂ ಹುದ್ದೆಗಳು, ಮಳೆಗಾಲದಲ್ಲೂ ಅಳಿವೆಗೆ ಇಳಿಯಬಲ್ಲ ಒಂದು ಸಂಶೋಧನಾ ದೋಣಿ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು. ಜೊತೆಗೆ ಅಂಕಪಟ್ಟಿ ತಿದ್ದುಪಡಿಗೂ ಪ್ರಮಾಣಪತ್ರಕ್ಕೂ ಘಟ್ಟ ಹತ್ತಬೇಕಾಗದಂತೆ ಅಧಿಕಾರವಿರುವ ಒಂದು ಕಚೇರಿ. ಇದಿಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ವರ್ಷದ ಆಯವ್ಯಯದಲ್ಲೇ ಮೊದಲ ಕಂತು ತೆಗೆದಿಡಬಹುದು.