ನಾಣ್ಯದ ಸಭೆಯಿಂದ ಮನೆಯ ಪರದೆಗೆ: 'ಸ್ಟ್ರೀಟ್ ಫೈಟರ್' ಮಾಲೆಯ ಪಾಠ ಮತ್ತು ಪಾಠಾಂತರಗಳು

೧

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಒಂದು ಕೃತಿಯ ಹಲವು ಪಾಠಗಳನ್ನು ಎದುರಿಗಿಟ್ಟುಕೊಂಡು ಹೋಲಿಸಿ ನೋಡುವ ಅಭ್ಯಾಸ ಬಿಡದು. ಆ ಅಭ್ಯಾಸವನ್ನು ಕಾವ್ಯವಲ್ಲದ ಒಂದು ಕೃತಿಮಾಲೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯ 'ಸ್ಟ್ರೀಟ್ ಫೈಟರ್' ಎಂಬ ದ್ವಂದ್ವಯುದ್ಧದ ವಿಡಿಯೊ ಆಟಗಳ ಮಾಲೆಯೇ ಇಲ್ಲಿಯ ವಸ್ತು. ಈ ಬಗೆಯ ಆಟ ವಿದ್ವತ್ ಪರಿಶೀಲನೆಗೆ ತಕ್ಕುದೇ ಎಂಬ ಪ್ರಶ್ನೆ ಏಳಬಹುದು. ಮಲ್ಲಯುದ್ಧ, ಗದಾಯುದ್ಧಗಳ ವರ್ಣನೆಯನ್ನು ಮಹಾಕಾವ್ಯದ ಅಂಗವೆಂದು ಓದಿಕೊಂಡು ಬಂದಿರುವ ನಮಗೆ ಆ ಸಂಕೋಚ ಬೇಕಾಗಿಲ್ಲವೆಂದು ನನ್ನ ಭಾವನೆ.

ತೊಂಬತ್ತರ ದಶಕದಲ್ಲಿ ಮುಂಬಯಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನಾನು ಈ ಆಟವನ್ನು ಒಂದು ವಿಡಿಯೊ ಗೇಮ್ ಪಾರ್ಲರಿನಲ್ಲಿ ಕಂಡಿದ್ದೆ. ಆಡಿದ್ದಕ್ಕಿಂತ ನಿಂತು ನೋಡಿದ್ದೇ ಹೆಚ್ಚು. ಅಂದಿನ ವಿದ್ಯಾರ್ಥಿವೇತನದಲ್ಲಿ ಸೋಲುವುದಕ್ಕೆಂದು ಮೀಸಲಿಡಬಹುದಾದ ಹಣ ಬಹಳ ಕಡಿಮೆಯಿತ್ತು. ಈಚೆಗೆ ನನ್ನ ವಿದ್ಯಾರ್ಥಿಯೊಬ್ಬರು ೨೦೧೮ರಲ್ಲಿ ಪ್ರಕಟವಾದ 'ಸ್ಟ್ರೀಟ್ ಫೈಟರ್ ಮೂವತ್ತನೆಯ ವಾರ್ಷಿಕೋತ್ಸವ ಸಂಕಲನ'ವನ್ನು ತಮ್ಮ ಮನೆಯ ಕನ್ಸೋಲಿನಲ್ಲಿ ತೋರಿಸಿದರು. ಡಿಜಿಟಲ್ ಎಕ್ಲಿಪ್ಸ್ ಎಂಬ ಸಂಸ್ಥೆ ಸಿದ್ಧಪಡಿಸಿದ ಈ ಸಂಕಲನದಲ್ಲಿ ಮಾಲೆಯ ಹನ್ನೆರಡು ಆರ್ಕೇಡ್ ಆಟಗಳು ಒಂದೆಡೆ ಸೇರಿವೆ. ಅದನ್ನು ಕೆಲವು ವಾರ ಆಡಿಯೂ ನೋಡಿಯೂ ಆದ ಮೇಲೆ ಹುಟ್ಟಿದ ಪ್ರಶ್ನೆ ಇದು: ಪಾಠವನ್ನು ಸಂಪೂರ್ಣವಾಗಿ ಉಳಿಸಿದರೆ ಕೃತಿಯನ್ನು ಉಳಿಸಿದಂತಾಗುತ್ತದೆಯೇ?

೨

ಮಾಲೆಯ ಮೊದಲ ಆಟ ಬಂದದ್ದು ೧೯೮೭ರಲ್ಲಿ. ಏಟಿನ ಬಲವನ್ನು ಅಳೆಯುವ ಎರಡು ದೊಡ್ಡ ಗುಂಡಿಗಳನ್ನು ಗುದ್ದಿ ಆಡುವ ಯಂತ್ರಗಳೂ ಅದಕ್ಕಿದ್ದವು. ಮುಷ್ಟಿಗೆ ಮೂರು, ಒದೆತಕ್ಕೆ ಮೂರು ಎಂಬ ಆರು ಗುಂಡಿಗಳ ವ್ಯವಸ್ಥೆ ಅದರ ಮತ್ತೊಂದು ರೂಪ. ಮುಂದೆ ಸ್ಥಿರವಾದದ್ದು ಈ ಎರಡನೆಯದೇ. ಆದರೆ ಮಾಲೆಗೆ ಕೀರ್ತಿ ತಂದದ್ದು ೧೯೯೧ರ 'ಸ್ಟ್ರೀಟ್ ಫೈಟರ್ ೨'. ಅಕಿರಾ ನಿಶಿತಾನಿ ಮತ್ತು ಅಕಿರಾ ಯಸುದಾ ಇದರ ಪ್ರಧಾನ ಶಿಲ್ಪಿಗಳು. ಸಂಗೀತದ ಬಹುಭಾಗ ಯೋಕೊ ಶಿಮೊಮುರಾ ಅವರದು. ಆಟಗಾರನು ಆಯ್ದುಕೊಳ್ಳಬಹುದಾದ ಎಂಟು ಯೋಧರು, ಅವರವರ ದೇಶದ ರಂಗಸ್ಥಳ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪಟ್ಟುಗಳು: ಇದು ಅದರ ಚೌಕಟ್ಟು.

ಈ ಒಂದು ಆಟ ಮೂರು ವರ್ಷಗಳಲ್ಲಿ ನಾಲ್ಕು ಪರಿಷ್ಕರಣಗಳನ್ನು ಕಂಡಿತೆಂಬುದು ಗಮನಾರ್ಹ. ೧೯೯೨ರ 'ಚಾಂಪಿಯನ್ ಎಡಿಷನ್'ನಲ್ಲಿ, ಅದುವರೆಗೆ ಯಂತ್ರವೇ ಆಡಿಸುತ್ತಿದ್ದ ನಾಲ್ವರು ಪ್ರತಿನಾಯಕರು ಆಟಗಾರರ ಕೈಗೆ ಬಂದರು. ಒಬ್ಬನೇ ಯೋಧನನ್ನು ಇಬ್ಬರೂ ಆಯ್ದುಕೊಳ್ಳುವುದು ಸಾಧ್ಯವಾಯಿತು. ಅದೇ ವರ್ಷದ 'ಹೈಪರ್ ಫೈಟಿಂಗ್' ಆಟದ ವೇಗವನ್ನು ಹೆಚ್ಚಿಸಿತು. ೧೯೯೩ರ 'ಸೂಪರ್' ನಾಲ್ವರು ಹೊಸ ಯೋಧರನ್ನು ಸೇರಿಸಿತು. ೧೯೯೪ರ 'ಸೂಪರ್ ಟರ್ಬೊ'ದಲ್ಲಿ ಶಕ್ತಿಮಾಪಕ ತುಂಬಿದಾಗ ಪ್ರಯೋಗಿಸಬಹುದಾದ ಮಹಾಪಟ್ಟುಗಳೂ ಒಬ್ಬ ಗುಪ್ತ ಯೋಧನೂ ಬಂದರು.

ನಡುಗನ್ನಡ ಸಾಹಿತ್ಯದ ಅಭ್ಯಾಸಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನ 'ಶೂನ್ಯಸಂಪಾದನೆ'ಯನ್ನು ಅವನ ತರುವಾಯದ ಮೂವರು ಸಂಕಲನಕಾರರು ಮತ್ತೆ ಮತ್ತೆ ಪರಿಷ್ಕರಿಸಿದರು. ಅಲ್ಲಿ ಪ್ರತಿಯೊಂದು ಪರಿಷ್ಕರಣವೂ ಹಿಂದಿನದಕ್ಕೆ ಒಂದು ವಿಮರ್ಶೆ. ಇಲ್ಲಿಯೂ ಅಷ್ಟೇ. ಯಾವ ಯೋಧ ಅತಿಬಲನಾಗಿದ್ದಾನೆ, ಯಾವನು ಹಿಂದುಳಿದಿದ್ದಾನೆ ಎಂಬ ಆಟಗಾರರ ತಕರಾರಿಗೆ ಮುಂದಿನ ಆವೃತ್ತಿಯೇ ಉತ್ತರ. 'ಹೈಪರ್ ಫೈಟಿಂಗ್' ಹುಟ್ಟಿದ್ದಂತೂ ಅನಧಿಕೃತ ಪ್ರತಿಗಳ ಒತ್ತಡದಿಂದ. ಕಾನೂನುಬಾಹಿರವಾಗಿ ತಿದ್ದಿದ, ವೇಗ ಹೆಚ್ಚಿಸಿದ 'ಚಾಂಪಿಯನ್ ಎಡಿಷನ್' ಪ್ರತಿಗಳು ಅಮೆರಿಕದ ಆರ್ಕೇಡುಗಳಲ್ಲಿ ಜನಪ್ರಿಯವಾದಾಗ ಸಂಸ್ಥೆ ತಾನೇ ವೇಗದ ಪಾಠವೊಂದನ್ನು ಹೊರತಂದಿತು. ಪ್ರಕ್ಷಿಪ್ತವು ಅಧಿಕೃತ ಪಾಠವನ್ನು ರೂಪಿಸಿದ ನಿದರ್ಶನವಿದು.

೩

ಲಿಪಿಕಾರನ ಪ್ರಮಾದಗಳಿಗೂ ಈ ಮಾಲೆಯಲ್ಲಿ ಉದಾಹರಣೆಗಳುಂಟು. ಅವುಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಳ್ಳಬಹುದು.

ಮೊದಲನೆಯದು ಹೆಸರುಗಳ ಪಲ್ಲಟ. ಜಪಾನೀ ಪಾಠದಲ್ಲಿ ಅಮೆರಿಕದ ಮುಷ್ಟಿಮಲ್ಲನ ಹೆಸರು ಎಂ. ಬೈಸನ್. ಮೈಕ್ ಟೈಸನ್ನರನ್ನು ನೆನಪಿಸುವ ಈ ಹೆಸರಿನಿಂದ ಅಮೆರಿಕದಲ್ಲಿ ವ್ಯಾಜ್ಯ ಬರಬಹುದೆಂಬ ಅಳುಕಿನಿಂದ ಹೊರದೇಶದ ಪಾಠದಲ್ಲಿ ಮೂರು ಹೆಸರುಗಳನ್ನು ಅದಲುಬದಲು ಮಾಡಲಾಯಿತು. ಮುಷ್ಟಿಮಲ್ಲ ಬಾಲ್‌ರಾಗ್ ಆದ; ಬಾಲ್‌ರಾಗ್ ಆಗಿದ್ದ ಸ್ಪೇನಿನ ಯೋಧ ವೇಗಾ ಆದ; ವೇಗಾ ಆಗಿದ್ದ ಸರ್ವಾಧಿಕಾರಿ ಎಂ. ಬೈಸನ್ ಆದ. ಇಂದಿಗೂ ಎರಡು ದೇಶಗಳ ಆಟಗಾರರು ಗೊಂದಲ ತಪ್ಪಿಸಲು ಇವರನ್ನು ಹೆಸರು ಬಿಟ್ಟು 'ಬಾಕ್ಸರ್', 'ಉಗುರಿನವನು', 'ಸರ್ವಾಧಿಕಾರಿ' ಎಂದು ಲಕ್ಷಣದಿಂದಲೇ ಕರೆಯುವುದುಂಟು.

ಎರಡನೆಯದು ಅನುವಾದದ ದೋಷ. ರ್ಯೂ ಎಂಬ ಯೋಧ ಗೆದ್ದಾಗ ಆಡುವ ಮಾತಿನಲ್ಲಿ 'ಶೋರ್ಯುಕೆನ್' ಎಂಬ ತನ್ನ ಪಟ್ಟಿನ ಪ್ರಸ್ತಾಪವಿದೆ. ಮೇಲೇರುವ ಡ್ರ್ಯಾಗನ್ನಿನ ಮುಷ್ಟಿ ಎಂದು ಅದರ ಅರ್ಥ. ಇಂಗ್ಲಿಷಿಗೆ ತಂದವರು ಅದರ ಮೊದಲೆರಡು ಅಕ್ಷರಗಳನ್ನು ಚೀನೀ ಉಚ್ಚಾರದಂತೆ 'ಶೆಂಗ್ ಲಾಂಗ್' ಎಂದು ಓದಿಕೊಂಡರು. ಪಟ್ಟಿನ ಹೆಸರು ವ್ಯಕ್ತಿಯ ಹೆಸರಿನಂತೆ ಕಾಣಿಸಿಕೊಂಡಿತು. ಇಲ್ಲದ ಈ ವ್ಯಕ್ತಿಯನ್ನು ಆಟಗಾರರು ಹುಡುಕತೊಡಗಿದರು. ೧೯೯೨ರ ಏಪ್ರಿಲಿನಲ್ಲಿ ಅಮೆರಿಕದ ಒಂದು ಪತ್ರಿಕೆ ಮೂರ್ಖರ ದಿನದ ತಮಾಷೆಗಾಗಿ, ಅವನನ್ನು ಎದುರಿಸುವ ವಿಧಾನವನ್ನೇ ಪ್ರಕಟಿಸಿತು. ಅಪಪಾಠದಿಂದ ಐತಿಹ್ಯ ಹುಟ್ಟಿದ ಪ್ರಸಂಗಗಳು ನಮ್ಮ ಕವಿಚರಿತೆಗೂ ಹೊಸತಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಏಟು ಮುಗಿಯುವ ಮುನ್ನವೇ ಇನ್ನೊಂದನ್ನು ಹೊಸೆದು, ಎದುರಾಳಿ ತಡೆಯಲಾಗದಂತೆ ಏಟುಗಳ ಸರಪಣಿ ಕಟ್ಟುವ 'ಕಾಂಬೊ' ಎಂಬ ತಂತ್ರ ಮೂಲ ಯೋಜನೆಯಲ್ಲಿರಲಿಲ್ಲ. ಕಾರನ್ನು ಒಡೆಯುವ ಬೋನಸ್ ಘಟ್ಟವನ್ನು ಪರೀಕ್ಷಿಸುವಾಗ ನಿರ್ಮಾಪಕ ನೊರಿತಾಕಾ ಫುನಾಮಿಜು ಇದನ್ನು ಗಮನಿಸಿದರು. ಇದು ಆಟಗಾರರ ಕೈಗೆ ಸುಲಭವಾಗಿ ದಕ್ಕಲಾರದೆಂದು ಭಾವಿಸಿ ಹಾಗೆಯೇ ಬಿಟ್ಟರು. ಆದರೆ ಆಟಗಾರರು ಅದನ್ನು ದಕ್ಕಿಸಿಕೊಂಡರು. ಮುಂದೆ ಈ ಪ್ರಕಾರದ ಆಟಗಳಿಗೆಲ್ಲ ಅದೇ ವ್ಯಾಕರಣವಾಯಿತು. ಸಂಪಾದಕನು ತಿದ್ದಿದ್ದರೆ ಕೃತಿಯೇ ಬಡವಾಗುತ್ತಿತ್ತು.

೪

ಆರ್ಕೇಡಿನಿಂದ ಮನೆಗೆ ಬರುವಾಗ ಪಾಠ ಕೆಡುವುದು ಮೊದಮೊದಲು ಅನಿವಾರ್ಯವಾಗಿತ್ತು. ಸೂಪರ್ ನಿಂಟೆಂಡೊ ಯಂತ್ರಕ್ಕೆ ೧೯೯೨ರಲ್ಲಿ ಬಂದ ರೂಪ ಅರವತ್ತು ಲಕ್ಷಕ್ಕಿಂತ ಹೆಚ್ಚು ಪ್ರತಿ ಮಾರಾಟವಾಯಿತು. ಆದರೂ ಅದರಲ್ಲಿ ಪೀಪಾಯಿ ಒಡೆಯುವ ಘಟ್ಟ ಬಿಟ್ಟುಹೋಗಿತ್ತು. ಸೆಗಾ ಸಂಸ್ಥೆಯ ಯಂತ್ರದ ಹಿಡಿಕೆಗೆ ಮೂರೇ ಗುಂಡಿಗಳಿದ್ದುದರಿಂದ ೧೯೯೩ರಲ್ಲಿ ಆರು ಗುಂಡಿಗಳ ಬೇರೊಂದು ಹಿಡಿಕೆ ಬರಬೇಕಾಯಿತು. ೨೦೦೩ರಲ್ಲಿ ಪ್ಲೇಸ್ಟೇಷನ್ ೨ಕ್ಕೆ ಬಂದ 'ಹೈಪರ್ ಸ್ಟ್ರೀಟ್ ಫೈಟರ್ ೨'ರಲ್ಲಿ ಐದು ಆವೃತ್ತಿಗಳ ಯೋಧರನ್ನೂ ಪರಸ್ಪರ ಸೆಣಸಲು ಬಿಡಲಾಯಿತು. ಗ್ರಂಥಸಂಪಾದನೆಯ ಭಾಷೆಯಲ್ಲಿ ಅದು ಮಿಶ್ರಪಾಠ; ಅದಕ್ಕೆ ಮೊದಲು ಯಾವ ಆರ್ಕೇಡಿನಲ್ಲಿಯೂ ಅದು ಹಾಗೆ ಇದ್ದುದಿಲ್ಲ.

೨೦೧೮ರ ಸಂಕಲನದ ಹಿರಿಮೆ ಇರುವುದು ಆ ದಾರಿ ಹಿಡಿಯದಿರುವುದರಲ್ಲಿ. ಪ್ರತಿಯೊಂದು ಆವೃತ್ತಿಯನ್ನೂ ಅದು ಬೇರೆಬೇರೆಯಾಗಿಯೇ ಇಟ್ಟಿದೆ. ಮೂಲ ಚಿತ್ರಗಳನ್ನೂ ಯೋಜನಾಪತ್ರಗಳನ್ನೂ ಒಳಗೊಂಡ ಒಂದು ಸಂಗ್ರಹಾಲಯವೂ, ಯೋಧರ ಚಲನೆಯನ್ನು ಚಿತ್ರದಿಂದ ಚಿತ್ರಕ್ಕೆ ಬಿಡಿಸಿ ನೋಡುವ ಸೌಕರ್ಯವೂ ಇದರಲ್ಲಿದೆ. ಇಂಥ ಕಾರ್ಯದ ಬೆಲೆ ತಿಳಿಯಬೇಕಾದರೆ ಮೂಲಪ್ರತಿಗಳ ಸ್ಥಿತಿಯನ್ನು ನೆನೆಯಬೇಕು. 'ಸೂಪರ್' ಮತ್ತು ಅದರ ನಂತರದ ಹಲವು ಆಟಗಳ ಯಂತ್ರಫಲಕದಲ್ಲಿ ನಕಲು ತಡೆಯಲೆಂದು ಪಾಠವನ್ನು ಗೂಢಲಿಪಿಯಲ್ಲಿ ಇಡಲಾಗಿತ್ತು. ಅದನ್ನು ಬಿಡಿಸುವ ಕೀಲಿ ಬ್ಯಾಟರಿಯ ಆಸರೆಯಲ್ಲಿ ನಿಂತ ಸ್ಮೃತಿಕೋಶದಲ್ಲಿತ್ತು. ಬ್ಯಾಟರಿ ಸತ್ತರೆ ಕೀಲಿ ಅಳಿಯುತ್ತಿತ್ತು, ಆಟ ಓದಲಾರದ್ದಾಗುತ್ತಿತ್ತು. ಓಲೆಗರಿಗೆ ಗೆದ್ದಲು ಹೊರಗಿನಿಂದ ಬರುತ್ತದೆ. ಇಲ್ಲಿ ಗೆದ್ದಲನ್ನು ಗ್ರಂಥದೊಳಗೇ ಇಟ್ಟು ಕಟ್ಟಲಾಗಿತ್ತು.

ಪಾಠಗಳು ಒಂದೆಡೆ ದೊರೆತುದರಿಂದ ಆರ್ಕೇಡಿನಲ್ಲಿ ಅಸಾಧ್ಯವಾಗಿದ್ದ ಹೋಲಿಕೆ ಸಾಧ್ಯವಾಗಿದೆ. ಧಾಲ್ಸಿಮ್ ಎಂಬ ಭಾರತೀಯ ಯೋಧನನ್ನೇ ನೋಡಬಹುದು. ಕೊರಳಲ್ಲಿ ತಲೆಬುರುಡೆಗಳ ಮಾಲೆ, ಉದ್ದುದ್ದ ಚಾಚುವ ಕೈಕಾಲು, 'ಯೋಗ'ದ ಹೆಸರಿನಲ್ಲಿ ಬಾಯಿಂದ ಉಗುಳುವ ಬೆಂಕಿ, ಹಿನ್ನೆಲೆಯಲ್ಲಿ ಘೀಳಿಡುವ ಆನೆಗಳು: ಯೋಗಿಯನ್ನು ಕುರಿತ ಹೊರನಾಡಿನ ಕಲ್ಪನೆಗಳೆಲ್ಲ ಇಲ್ಲಿ ಒಟ್ಟಾಗಿವೆ. 'ಹೈಪರ್ ಫೈಟಿಂಗ್'ನಲ್ಲಿ ಇವನಿಗೆ ಒಂದೆಡೆ ಮಾಯವಾಗಿ ಇನ್ನೊಂದೆಡೆ ಕಾಣಿಸಿಕೊಳ್ಳುವ ಶಕ್ತಿ ಬಂತು. ದೂರದಿಂದ ಹೊಡೆಯುವ, ಹತ್ತಿರಕ್ಕೆ ಬಂದರೆ ಸಿಕ್ಕಿಬೀಳುವ ಯೋಧನಿಗೆ ಇದು ಸಮರ್ಪಕವಾದ ತಿದ್ದುಪಡಿ. ಪರಿಷ್ಕರಣಕಾರರು ಅವನ ಯುದ್ಧವನ್ನು ಮತ್ತೆ ಮತ್ತೆ ತೂಗಿ ನೋಡಿದರು. ಅವನ ಕೊರಳಿನ ಮಾಲೆಯನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ. ಯಾವುದು ತಿದ್ದತಕ್ಕದ್ದು, ಯಾವುದು ಸಹಜ ಎಂಬ ಅವರ ನಂಬಿಕೆ ಈ ಹೋಲಿಕೆಯಿಂದ ಬಯಲಾಗುತ್ತದೆ.

ಕೊರತೆಯೆಂದರೆ, ಆವೃತ್ತಿಗಳ ವ್ಯತ್ಯಾಸಗಳನ್ನು ಸಾಲುಸಾಲಾಗಿ ತೋರಿಸುವ ಪಾಠಾಂತರಸೂಚಿ ಸಂಕಲನದಲ್ಲಿಲ್ಲ. ಪ್ರತಿಗಳನ್ನು ಕೊಟ್ಟು ಸಂಪಾದನೆಯನ್ನು ಓದುಗನಿಗೇ ಬಿಟ್ಟಂತಾಗಿದೆ.

೫

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ; ಅದು ಸಂಪಾದಕರ ದೋಷವಲ್ಲ. ಆರ್ಕೇಡಿನ ಆಟದಲ್ಲಿ ನಾಣ್ಯವು ಕೇವಲ ಶುಲ್ಕವಾಗಿರಲಿಲ್ಲ, ಕೃತಿಯ ಛಂದಸ್ಸಾಗಿತ್ತು. ಸುತ್ತಿಗೆ ತೊಂಬತ್ತೊಂಬತ್ತರ ಎಣಿಕೆ, ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕೆಂಬ ನಿಯಮ, ಮುಂದೆ ಮುಂದೆ ಕಠಿಣನಾಗುವ ಎದುರಾಳಿ, ಯಾರೂ ಆಡದಿರುವಾಗ ದಾರಿಹೋಕರನ್ನು ಕರೆಯಲು ತಾನೇ ಓಡುವ ಪ್ರದರ್ಶನ: ಇವೆಲ್ಲವನ್ನೂ ಅಳೆದದ್ದು ನಾಣ್ಯ. ಸೋತವನ ಜಜ್ಜಿದ ಮುಖದ ಜೊತೆಗೆ ಅಂಕೆಗಳು ಒಂದೊಂದಾಗಿ ಇಳಿಯುವಾಗ, ಇನ್ನೊಂದು ನಾಣ್ಯ ಹಾಕುವುದೇ ಬೇಡವೇ ಎಂಬುದು ಜೇಬಿನ ಪ್ರಶ್ನೆಯಾಗಿತ್ತು. ಮನೆಯ ಪರದೆಯ ಮೇಲೂ ಆ ಮುಖವಿದೆ, ಆ ಅಂಕೆಗಳಿವೆ. ಆದರೆ ಒಂದು ಗುಂಡಿ ಒತ್ತಿದರೆ ನಾಣ್ಯ ಬಿದ್ದಂತಾಗುತ್ತದೆ. ಆಟವನ್ನು ಬೇಕಾದಲ್ಲಿ ನಿಲ್ಲಿಸಿ ಕಾದಿಟ್ಟು ಮುಂದುವರಿಸಬಹುದು. ಭಯವಿಲ್ಲದ ಎಣಿಕೆ ಅಲಂಕಾರವಾಗಿ ಉಳಿದಿದೆ.

ನಾಣ್ಯದೊಡನೆ ಹೋದದ್ದು ಸಭೆ. ಗೆದ್ದವನು ಯಂತ್ರದ ಮುಂದೆ ನಿಲ್ಲುತ್ತಿದ್ದ, ಸೋತವನು ಸರಿಯುತ್ತಿದ್ದ. ಮುಂದಿನ ಸರದಿ ತನ್ನದೆಂದು ತಿಳಿಸಲು ಅಮೆರಿಕದಲ್ಲಿ ಪರದೆಯ ಅಂಚಿನ ಮೇಲೆ ನಾಣ್ಯ ಇಡುವ ರೂಢಿಯಿತ್ತು. ಜಪಾನಿನಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಎದುರಾಳಿಯ ಮುಖ ಕಾಣದಂತೆ ಆಡುವ ಪದ್ಧತಿ ಬೆಳೆಯಿತು. ಎರಡು ಕಡೆಯೂ ಹಿಂದೆ ನಿಂತು ನೋಡುವವರಿದ್ದರು. ಪಟ್ಟುಗಳು ಹರಡಿದ್ದು ಬಹುಮಟ್ಟಿಗೆ ಹೀಗೆ ನಿಂತು ನೋಡಿದವರಿಂದಲೇ.

ಪ್ರೇಕ್ಷಕರು ಕೃತಿಯ ಅಂಗವೆಂಬುದಕ್ಕೆ ೨೦೦೪ರ ಇವೊ ಪಂದ್ಯಾವಳಿಯೇ ಸಾಕ್ಷಿ. ೧೯೯೯ರ 'ಥರ್ಡ್ ಸ್ಟ್ರೈಕ್' ಆಟದಲ್ಲಿ ಡೈಗೊ ಉಮೆಹಾರಾ ಅವರ ಯೋಧನ ಪ್ರಾಣ ಎಳೆಯಷ್ಟೇ ಉಳಿದಿತ್ತು. ಸುಮ್ಮನೆ ತಡೆದರೂ ಸೋಲು ಖಚಿತ. ಜಸ್ಟಿನ್ ವಾಂಗ್ ಪ್ರಯೋಗಿಸಿದ ಮಹಾಪಟ್ಟಿನ ಒಂದೊಂದು ಒದೆತವನ್ನೂ, ಅದು ತಾಗುವ ಕ್ಷಣಕ್ಕೇ ಸರಿಯಾಗಿ ಹಿಡಿಕೆಯನ್ನು ಮುಂದಕ್ಕೆ ತಳ್ಳಿ ಉಮೆಹಾರಾ ನಿವಾರಿಸಿದರು; ಬಳಿಕ ಪ್ರತಿಯೇಟಿನಿಂದ ಗೆದ್ದರು. ಈ ಪ್ರಸಂಗದ ಮುದ್ರಿಕೆಯನ್ನು ಈಗ ನೋಡಿದರೂ ಮನಸ್ಸಿನಲ್ಲಿ ನಿಲ್ಲುವುದು ಪರದೆಯ ಚಿತ್ರಕ್ಕಿಂತ ಹೆಚ್ಚಾಗಿ ನಿವಾರಣೆಯಿಂದ ನಿವಾರಣೆಗೆ ಏರುವ ಜನರ ಕೂಗು. ಸಂಕಲನದಲ್ಲಿ ಅದೇ ಆಟವಿದೆ, ಅದೇ ಪಟ್ಟುಗಳಿವೆ. ಕೂಗು ಮಾತ್ರ ಪಾಠದಲ್ಲಿ ಸೇರುವಂಥದಲ್ಲ. ದೂರದ ಅಪರಿಚಿತನೊಡನೆ ಅಂತರ್ಜಾಲದಲ್ಲಿ ಆಡುವ ಸೌಲಭ್ಯ ಎದುರಾಳಿಯನ್ನು ತಂದುಕೊಡಬಲ್ಲದು, ಸಭೆಯನ್ನು ತರಲಾರದು.

೬

ಹೊರನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಈ ವಿಚಾರ ದೂರದ್ದಲ್ಲ. ಕುಮಾರವ್ಯಾಸನ ಷಟ್ಪದಿಯನ್ನು ನಾವು ಓದುವುದು ಅಚ್ಚಿನ ಪುಸ್ತಕದಲ್ಲಿ, ಒಬ್ಬೊಬ್ಬರೇ, ಮೌನವಾಗಿ. ಗಮಕಿಯ ಕಂಠ, ವ್ಯಾಖ್ಯಾನಕಾರನ ಮಾತು, ತಲೆದೂಗುವ ಕೇಳುಗರ ನಡುವೆ ಬಾಳಿದ ಪದ್ಯ ನಮ್ಮ ವಿದ್ಯಾರ್ಥಿಯ ಮೇಜಿಗೆ ಬರುವಾಗ ಸಭೆಯನ್ನು ಕಳಚಿಕೊಂಡು ಬರುತ್ತದೆ. ನಮ್ಮ ಸಂಪಾದಿತ ಗ್ರಂಥ ಒಂದು ಅರ್ಥದಲ್ಲಿ ಮನೆಯ ಕನ್ಸೋಲು. ಅಲ್ಲಿ ಪಾಠಾಂತರಗಳನ್ನು ತೂಗಿ ನೋಡುವ ಬಿಡುವುಂಟು; ಆ ಬಿಡುವು ಸಭೆಯಲ್ಲಿ ಯಾರಿಗೂ ಇರಲಿಲ್ಲ. ಈ ಲಾಭವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಪದ್ಯದ ನಡುವಿನ ಸಂಬೋಧನೆ, ಪುನರುಕ್ತಿ, ತಟ್ಟನೆ ನಿಲ್ಲುವ ನಿಲುಗಡೆಗಳನ್ನು ಕವಿಯ ಶೈಲಿಯೆಂದಷ್ಟೇ ವಿವರಿಸುವಾಗ, ನಾಣ್ಯವಿಲ್ಲದ ಎಣಿಕೆಯನ್ನು ಅಲಂಕಾರವೆಂದು ತಿಳಿಯುವ ಆಟಗಾರನ ತಪ್ಪನ್ನೇ ನಾವೂ ಮಾಡುತ್ತಿರಬಹುದು.

ಆದುದರಿಂದ ಸಂಪಾದನೆಯ ವ್ಯಾಪ್ತಿಯನ್ನು ಹಿಗ್ಗಿಸಬೇಕಾಗಿದೆ. ಪಾಠದೊಡನೆ ಅದರ ಬಳಕೆಯ ಸಂದರ್ಭವೂ ದಾಖಲಾಗಬೇಕು: ಆಟದ ವಿಷಯದಲ್ಲಿ ಆರ್ಕೇಡಿನ ವಿನ್ಯಾಸ, ಸರದಿಯ ರೂಢಿ, ನೋಡುಗರ ದನಿ, ಕಾವ್ಯದ ವಿಷಯದಲ್ಲಿ ಗಮಕಿಗಳ ರಾಗದ ಆಯ್ಕೆ, ಅವರು ಬಿಡುವ ಪದ್ಯಗಳು, ನಿಲ್ಲಿಸಿ ವಿವರಿಸುವ ಜಾಗಗಳು. ಈ ವರ್ಷ ನಮ್ಮ ವಿಭಾಗದಲ್ಲಿ ಗದಾಪರ್ವದ ಪಾಠವನ್ನು ಪುಸ್ತಕ ತೆರೆಯದೆ, ಎರಡು ಗಂಟೆಯ ಗಮಕದ ಶ್ರವಣದಿಂದ ಆರಂಭಿಸಬೇಕೆಂದಿದ್ದೇನೆ. ಸಂಕಲನವನ್ನು ತೋರಿಸಿದ ವಿದ್ಯಾರ್ಥಿಯ ಮನೆಯಲ್ಲಿಯೂ, ನಾವಿಬ್ಬರು ಆಡುತ್ತಿದ್ದಲ್ಲಿಗೆ ಪಕ್ಕದ ಮನೆಯ ಇಬ್ಬರು ಹುಡುಗರು ಬಂದು ಹಿಂದೆ ನಿಂತ ಮೇಲೆಯೇ ಆಟಕ್ಕೆ ಕಳೆ ಬಂದದ್ದು. ನಾನು ಸೋತೆ, ಸೋತ ಕೂಡಲೇ ಕೇಳದೆಯೇ ಎದ್ದು ಜಾಗ ಬಿಟ್ಟೆ.