ಎರಡೂ ದಿಕ್ಕಿಗೆ ಒಂದೇ ಹೆಸರು

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ನೆಟ್‌ವರ್ಕ್ ಪ್ರಿಂಟರ್ ಕೈಕೊಟ್ಟರೆ ನಾನು ಮೊದಲು ತೆರೆಯುವುದು ವೈರ್‌ಶಾರ್ಕ್. 1998ರಲ್ಲಿ ಜೆರಾಲ್ಡ್ ಕೋಂಬ್ಸ್ ಇಥೀರಿಯಲ್ ಹೆಸರಿನಲ್ಲಿ ಹೊರತಂದ, ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶ. ಅದರ ಫಿಲ್ಟರ್‌ನಲ್ಲಿ ಕಳಿಸಿದ ವಿಳಾಸ ಹುಡುಕಲು ‘ಐಪಿ.ಎಸ್‌ಆರ್‌ಸಿ’, ತಲುಪುವ ವಿಳಾಸಕ್ಕೆ ‘ಐಪಿ.ಡಿಎಸ್‌ಟಿ’. ಎರಡನ್ನೂ ಒಟ್ಟಿಗೆ ಜಾಲಾಡುವ ‘ಐಪಿ.ಎಡಿಡಿಆರ್’ ಸೇರಿಸಿದವರು ಪುಣ್ಯಾತ್ಮರು! ಪ್ರಿಂಟರಿನ ವಿಳಾಸ ಕೊಟ್ಟರೆ ಸಾಕು, ಸಾವಿರಾರು ಪ್ಯಾಕೆಟ್‌ಗಳ ನಡುವಿನಿಂದ ಅದರ ಪ್ರಶ್ನೆ-ಉತ್ತರಗಳಷ್ಟೇ ಸಾಲಾಗಿ ಬರುತ್ತವೆ. ಉತ್ತರ ಎಲ್ಲಿ ನಿಂತಿತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಒಂದು ತೊಡಕಿತ್ತು. ಆ ವಿಳಾಸ ಬೇಡವೆಂದು ‘!=’ ಹಾಕಿದರೂ ಅದರ ಪ್ಯಾಕೆಟ್‌ಗಳು ನುಸುಳುತ್ತಿದ್ದವು; ಎರಡು ತುದಿಗಳಲ್ಲಿ ಒಂದು ಬೇರೆಯಿದ್ದರೂ ಫಿಲ್ಟರ್ ಒಪ್ಪಿಕೊಳ್ಳುತ್ತಿತ್ತು. 2021ರ 3.6ನೇ ಆವೃತ್ತಿಯಲ್ಲಿ, ಬಳಸುವವರ ಮನಸ್ಸಿನಲ್ಲಿದ್ದ ಅರ್ಥವೇ ಆ ಚಿಹ್ನೆಗೆ ಬಂತು.