ಬಾಡಿಗೆ ಮನೆ ಮತ್ತು ಅನಾಥಪ್ರಜ್ಞೆ

ನವ್ಯದವರು ನಮಗೊಂದು ಪದ ಕೊಟ್ಟು ಹೋದರು: ಅನಾಥಪ್ರಜ್ಞೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ನಾಯಕ, ಅವನ ಬಾಡಿಗೆ ಕೋಣೆ, ಕಿಟಕಿಯಾಚೆ ಗುರುತಿಲ್ಲದ ಜನ. ತನ್ನನ್ನು ಇಲ್ಲಿ ಯಾರೂ ಗುರುತಿಸುವುದಿಲ್ಲ ಎಂಬುದೇ ಅವನ ಸಂಕಟ. ಕಾಲೇಜಿನಲ್ಲಿ ಈ ಪಾಠ ಕೇಳುವಾಗ ನನಗೊಂದು ಅನುಮಾನ ಬರುತ್ತಿತ್ತು. ಗುರುತಿಸದೆ ಇದ್ದರೆ ಒಳ್ಳೇದೇ ಅಲ್ಲವೇ? ನಮ್ಮನ್ನು ಊರಲ್ಲಿ ಎಲ್ಲರೂ ಗುರುತಿಸುತ್ತಿದ್ದರು. ಹೋಟ್ಲಿನವನು ಗುರುತಿಸಿಯೇ ಬೇರೆ ಲೋಟ ಕೊಡುತ್ತಿದ್ದ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ದೊಡ್ಡ ಕಾದಂಬರಿ, ಅದರಲ್ಲಿ ಎರಡು ಮಾತಿಲ್ಲ. ಮುಂಬಯಿಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪ ಒಂದು ದಿನ ಇದ್ದಕ್ಕಿದ್ದಂತೆ ಬೇಟೆಯ ಪ್ರಾಣಿಯಾಗುತ್ತಾನೆ. ಅವನ ಭಯ ಸುಳ್ಳು ಅನ್ನೋದಕ್ಕೆ ನಾನು ತಯಾರಿಲ್ಲ. ಆದರೆ ಅದು ಕುರ್ಚಿಯವರೆಗೆ ತಲುಪಿದವನ ಭಯ. ಇದನ್ನೇ ನಮ್ಮ ಮೇಷ್ಟ್ರುಗಳು ಆಧುನಿಕ ಮನುಷ್ಯನ ಸ್ಥಿತಿ ಎಂದು ಬೋರ್ಡಿನ ಮೇಲೆ ಬರೆದರು. ಯಾವ ಮನುಷ್ಯ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಇನ್ನೊಬ್ಬ ಹೊಸಬನನ್ನು ನೋಡೋಣ. 1917. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ತರುಣನೊಬ್ಬ ಬರೋಡಾ ಸಂಸ್ಥಾನದ ನೌಕರಿಗೆಂದು ಆ ಊರಿನ ರೈಲು ನಿಲ್ದಾಣದಲ್ಲಿ ಇಳಿಯುತ್ತಾನೆ. ಅವನಿಗೆ ಹುಟ್ಟುವ ಮೊದಲ ಪ್ರಶ್ನೆ ಎಲ್ಲಿ ಉಳಿಯಬೇಕು ಎಂಬುದು. ಹಿಂದೂಗಳ ಹೋಟೆಲಿನಲ್ಲಿ ಜಾಗ ಸಿಗದು. ಕೊನೆಗೆ ಒಂದು ಪಾರ್ಸಿ ಛತ್ರ. ಪಾರ್ಸಿಯಲ್ಲದವನಿಗೆ ಅಲ್ಲೂ ಜಾಗವಿಲ್ಲ. ಆದರೆ ನೋಡಿಕೊಳ್ಳುವವನಿಗೆ ದಿನಕ್ಕೆ ಒಂದೂವರೆ ರೂಪಾಯಿಯ ಆಸೆ. ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಒಳಗೆ ಬಿಟ್ಟ.

ಬಾಬಾಸಾಹೇಬರು ಸುಮಾರು 2 ದಶಕಗಳ ನಂತರ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದುಕೊಂಡದ್ದು ಇದು. ಆ ಛತ್ರದ ವರ್ಣನೆಯನ್ನು ಓದಿ ನೋಡಿ. ಮುರುಕು ಸಾಮಾನು ತುಂಬಿದ ಕತ್ತಲ ಹಜಾರ, ಒಂದು ಲಾಟೀನು, ಹಾರಾಡುವ ಬಾವಲಿಗಳು, ಮಾತಾಡಲು ಒಂದು ನರಪಿಳ್ಳೆ ಇಲ್ಲ. ನವ್ಯ ಕತೆಗೆ ಬೇಕಾದ ಸಾಮಗ್ರಿ ಎಲ್ಲವೂ ಇದೆ! ಆದರೆ ಈ ಒಂಟಿತನ ಆತ್ಮದೊಳಗಿಂದ ಹೊಗೆಯಾಡಿ ಎದ್ದದ್ದಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಬಾಗಿಲಿಗೆ ಬರುತ್ತಾರೆ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು. ಹಿಂದೂ ಗೆಳೆಯನನ್ನು ಕೇಳಿದರೆ, ನೀನು ಬಂದರೆ ನನ್ನ ಆಳುಗಳು ಬಿಟ್ಟು ಹೋಗ್ತಾರೆ ಎಂಬ ಉತ್ತರ. ಕ್ರಿಶ್ಚಿಯನ್ ಗೆಳೆಯ ಹೆಂಡತಿಯನ್ನು ಕೇಳಬೇಕು ಅಂದ. ರಾತ್ರಿ 9ರ ಬೊಂಬಾಯಿ ರೈಲಿನವರೆಗೆ ಸಾರ್ವಜನಿಕ ತೋಟದಲ್ಲಿ ಕೂತದ್ದಾಯಿತು. ಇಲ್ಲಿ ಒಂಟಿತನಕ್ಕೆ ಕೈಯಿದೆ, ಕೈಯಲ್ಲಿ ದೊಣ್ಣೆಯಿದೆ. ಅನಾಥಪ್ರಜ್ಞೆಯ ವಿಮರ್ಶೆಗೆ ಈ ದೊಣ್ಣೆ ಕಾಣಲಿಲ್ಲ.

ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಪಟ್ಟಣ ಬೇರೆ ಥರ. ಮಂಚನಬೆಲೆಯಲ್ಲಿ ಅಪ್ಪ ಎತ್ತಿನ ಹಾಗೆ ನೊಗ ಹೊತ್ತದ್ದನ್ನು ಕಂಡ ಹುಡುಗ ಬೆಂಗಳೂರಿಗೆ ಬಂದು ಸೇರುವುದು ಶ್ರೀರಾಮಪುರಕ್ಕೆ. ಅಂದರೆ ಬೆಂಗಳೂರು ಇಂಥವರಿಗೆ ಅಂತ ಮೊದಲೇ ಒಂದು ಕೇರಿ ಕಟ್ಟಿಟ್ಟುಕೊಂಡಿತ್ತು. ಊರು ಬಿಟ್ಟರೂ ಪುಸ್ತಕದ ಹೆಸರು ಹಾಗೇ ಒಪ್ಪುತ್ತದೆ. ಇಲ್ಲಿ ಹೊಸಬ ಒಂಟಿಯಲ್ಲ; ಸುತ್ತ ಜನ, ಜಗಳ, ಭಾಷಣ, ನಗೆ. ಬಡವರ ನಗುವಿಗೆ ಎಂಥ ಶಕ್ತಿಯಿದೆ ಅಂತ ಡಿ.ಆರ್. ನಾಗರಾಜ್ ತೋರಿಸಿದ್ದು ಸರಿಯೇ. ನನ್ನ ತಕರಾರು ಆ ನಗುವಿನ ಮೇಲಲ್ಲ, ಅದನ್ನು ಓದಿದ ರೀತಿಯ ಮೇಲೆ. ಒಳ್ಳೆಯ ಬಡಾವಣೆಗಳ ಓದುಗರು ನಕ್ಕು, ಹಗುರಾಗಿ, ಪುಸ್ತಕ ಮಡಚಿಟ್ಟು ಮಲಗಿದರು. ಅವರ ಮನೆಯ ಗೇಟಿಗೇ ‘ಬಾಡಿಗೆಗೆ ಇದೆ’ ಬೋರ್ಡು ನೇತಾಡುತ್ತಿರುತ್ತದೆ, ಪಕ್ಕದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’.

ಕೇರಿಯಿಂದ ಎದ್ದು ಆ ಗೇಟು ತಟ್ಟುವ ನಮ್ಮ ಗುಮಾಸ್ತ, ಮೇಷ್ಟ್ರು, ನರ್ಸು ಇವರ ಕತೆ ಕನ್ನಡದಲ್ಲಿ ಇನ್ನೂ ಸಾಲದು. ದೆಹಲಿ ಮತ್ತು ಅದರ ಸುತ್ತಲ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ಬೇರೆಬೇರೆ ಜಾತಿ, ಧರ್ಮದ ಹೆಸರಿನಲ್ಲಿ ಬಾಡಿಗೆ ಮನೆ ಕೇಳಿಸಿ ನೋಡಿ, 2015ರಲ್ಲಿ ಬರೆದರು: ಮೇಲುಜಾತಿಯ ಹೆಸರಿಗೆ ತೆರೆಯುವ ಬಾಗಿಲು ದಲಿತರ, ಮುಸ್ಲಿಮರ ಹೆಸರಿಗೆ ಮುಚ್ಚಿಕೊಳ್ಳುತ್ತದೆ. ನಮಗೆ ಅಂಕಿಅಂಶ ಬೇಕಿರಲಿಲ್ಲ, ಆದರೂ ಇರಲಿ.

ಬೆಂಗಳೂರಲ್ಲಿ ನಾನು ಮನೆ ಹುಡುಕುವಾಗ ಒಬ್ಬ ಯಜಮಾನರು ಕಾಫಿ ಕೊಟ್ಟು ಕೇಳಿದರು: “ತಪ್ಪು ತಿಳ್ಕೋಬೇಡಿ, ನಿಮ್ಮದು ಯಾವ ಪೈಕಿ?” ಹೇಳಿದೆ. ಮಗಳು ಊರಿಂದ ಬರ್ತಾಳೆ, ಮನೆ ಕೊಡೋ ಹಾಗಿಲ್ಲ ಅಂತ ಆಗಲೇ ನೆನಪಾಯಿತು ಅವರಿಗೆ. ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ಇತ್ತು. “ಗೌಡ್ರು ಅಂದ್ಬಿಡೋ” ಅಂತ ಗೆಳೆಯನೊಬ್ಬ ಬುದ್ಧಿ ಹೇಳಿದ. ಅವನು ಹಾಗೆ ಹೇಳಿಯೇ ಮನೆ ಹಿಡಿದಿದ್ದ. ಬರೋಡಾದ ಆ ಪಾರ್ಸಿ ಹೆಸರು ಇನ್ನೂ ಚಾಲ್ತಿಯಲ್ಲಿದೆ ಅಂತ ಆಗ ಗೊತ್ತಾಯಿತು.

ಅವನ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಬೀರುವಿನೊಳಗೆ ಸೀರೆಗಳ ಹಿಂದೆ ಇರುತ್ತದೆ. ಯುಗಾದಿಗೆ ಊರಿಂದ ಬಂದ ಅವನವ್ವ ಗೋಡೆಗಳನ್ನೆಲ್ಲ ನೋಡಿ “ಎಲ್ಲೋ ಮಗಾ?” ಅಂದಳಂತೆ. ಅವನು ಬೀರು ತೋರಿಸಿದ. ಅವಳು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಅಲ್ಲೇ ಇಟ್ಟು ಬಾಗಿಲು ಹಾಕಿದಳು. ಏನೂ ಕೇಳಲಿಲ್ಲ.

ಇದನ್ನು ಬರಿ, ನಮ್ಮ ಸಾಹಿತ್ಯಕ್ಕೆ ಇದು ಬೇಕು ಅಂದೆ.

“ಬರೀತೀನಿ, ಮನೆ ಖಾಲಿ ಮಾಡಿದ ಮೇಲೆ” ಅಂದ.